ಸತ್ತವನು ಎದ್ದು ಬಂದ ಮೇಲೆ

ಕೇಳುಗರಿಗೆ ನಮಸ್ಕಾರ.

ಒಂದು ಚೀನೀ ಸಿನಿಮಾದ ಮುಂದಿನ ಭಾಗವನ್ನು ನೋಡಿ ನನಗೆ ಸಿಟ್ಟು ಬಂತು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಹಾಗೆಂದು ಅದನ್ನು ಕೆಟ್ಟ ಸಿನಿಮಾ ಎಂದು ತಳ್ಳಿಹಾಕಲೂ ಮನಸ್ಸು ಒಪ್ಪುತ್ತಿಲ್ಲ. ಈ ಇಬ್ಬಂದಿಯನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲ ಭಾಗ 2000ದಲ್ಲಿ ಬಂದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’. ತೈವಾನಿನ ಆಂಗ್ ಲೀ ಅದರ ನಿರ್ದೇಶಕರು. ಹತ್ತು ವಿಭಾಗಗಳಲ್ಲಿ ಆಸ್ಕರ್‌ಗೆ ಹೆಸರಿಸಲ್ಪಟ್ಟು, ನಾಲ್ಕನ್ನು ಗೆದ್ದ ಸಿನಿಮಾ ಅದು. ಎರಡನೆಯ ಭಾಗ ‘ಸೋರ್ಡ್ ಆಫ್ ಡೆಸ್ಟಿನಿ’ ಬರಲು 2016ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಸಿನಿಮಾ ನೋಡುವ ರೀತಿಯೇ ಬದಲಾಗಿ, ಎರಡನೆಯ ಭಾಗ ಬಹುತೇಕ ದೇಶಗಳಲ್ಲಿ ಟಾಕೀಸಿನ ಬದಲು ನೆಟ್‌ಫ್ಲಿಕ್ಸ್ ಮೂಲಕ ಮನೆಯ ಟಿವಿಗೆ ಬಂತು. ನಾನು ಅದನ್ನು ನೋಡಿದ್ದು ದಾವಣಗೆರೆಯಲ್ಲಿ, ಅಕ್ಕನ ಮನೆಯಲ್ಲಿ. ಅಂದಹಾಗೆ, ನಮ್ಮ ಚಿತ್ರದುರ್ಗ ಜಿಲ್ಲೆಯೂ 1997ರಲ್ಲಿ ಎರಡು ಭಾಗವಾದದ್ದೇ. ದಾವಣಗೆರೆಯವರು ಎರಡನೆಯ ಭಾಗವೇ ಚೆನ್ನ ಎನ್ನುತ್ತಾರೆ. ಅಕ್ಕನೂ ಹಾಗೆಯೇ ಎಂಬುದು ಮುಂದೆ ತಿಳಿಯುತ್ತದೆ.

ಈ ಸಿನಿಮಾಗಳಲ್ಲಿ ಮನುಷ್ಯರು ಹಾರುತ್ತಾರೆ. ಕತ್ತಿ ಹಿಡಿದು ಗೋಡೆಯ ಮೇಲೆ ಓಡುತ್ತಾರೆ, ಹೆಂಚಿನಿಂದ ಹೆಂಚಿಗೆ ನೆಗೆಯುತ್ತಾರೆ, ನೀರಿನ ಮೇಲೆ ಕಾಲೂರಿ ಹೋಗುತ್ತಾರೆ. ಇದನ್ನು ಕೇಳಿದ ಕೂಡಲೇ ನಗುವವರು ಬಹಳ. ನಮ್ಮ ದುರ್ಗದವರು ನಗುವ ಹಾಗಿಲ್ಲ. ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಹಗ್ಗವಿಲ್ಲದೆ, ಬರಿಗೈಯಲ್ಲಿ ಕೋಟೆಯ ಗೋಡೆಯನ್ನು ಸರಸರನೆ ಏರುವುದನ್ನು ಕತ್ತೆತ್ತಿ ನೋಡಿದವರು ನಾವು. ಆದರೆ ನನ್ನ ವಾದ ಅದನ್ನು ನೆಚ್ಚಿಕೊಂಡಿಲ್ಲ. ನನಗೆ ಈ ಹಾರಾಟವನ್ನು ನೋಡಲು ಕಲಿಸಿದ್ದು ಬಯಲಾಟ.

ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಹಳ್ಳಿಗಳಲ್ಲಿ ಅಟ್ಟ ಕಟ್ಟಿ ಆಟ ಆಡುವುದನ್ನು ನೋಡಿದವರಿಗೆ ಗೊತ್ತಿರುತ್ತದೆ. ಕಿರೀಟ, ಭುಜಕೀರ್ತಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಮರದ ಕತ್ತಿ. ಇಬ್ಬರು ವೀರರು ಎದುರಾಗುತ್ತಾರೆ. ಮೊದಲು ಮಾತಿನ ಯುದ್ಧ. ಅದು ತಾರಕಕ್ಕೇರಿದಾಗ ಭಾಗವತ ಪದ ಎತ್ತುತ್ತಾನೆ, ಮದ್ದಳೆಯ ನಡೆ ಚುರುಕಾಗುತ್ತದೆ, ವೇಷಗಳು ಸುತ್ತು ಹಾಕುತ್ತಾ ಕುಣಿಯತೊಡಗುತ್ತವೆ, ಅಟ್ಟದ ಹಲಗೆ ಗುಡುಗುತ್ತದೆ. ಒಬ್ಬರ ಕತ್ತಿ ಇನ್ನೊಬ್ಬರಿಗೆ ಸೋಕುವುದೇ ಇಲ್ಲ. ಸೋಕಬೇಕೆಂದು ಯಾರೂ ಕೇಳುವುದೂ ಇಲ್ಲ. ಎದುರು ಕುಳಿತ ಮುದುಕಿಗೆ ಅದು ಮರದ ಕತ್ತಿ ಎಂದು ಗೊತ್ತು, ವೇಷದೊಳಗೆ ಇರುವವನು ತನ್ನ ಪಕ್ಕದ ಹೊಲದವನು ಎಂದೂ ಗೊತ್ತು. ಆದರೂ ಅಭಿಮನ್ಯು ಬಿದ್ದಾಗ ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. ಹಾಗೆ ನೋಡಿ ಬೆಳೆದವರಿಗೆ, ಹಾರುವ ಚೀನೀ ಯೋಧರನ್ನು ‘ಇದೆಲ್ಲ ನಿಜವೇ’ ಎಂದು ಕೇಳುವ ಅಗತ್ಯ ಬೀಳುವುದಿಲ್ಲ. ಈ ಕುಣಿತ ಏನು ಹೇಳುತ್ತಿದೆ ಎಂದಷ್ಟೇ ಕೇಳಿದರೆ ಸಾಕು.

ಆ ಕುಣಿತವನ್ನು ಕಟ್ಟಿದವರು ಯುವೆನ್ ವೂ-ಪಿಂಗ್. ಹಾಂಗ್‌ಕಾಂಗ್ ಸಿನಿಮಾದ ಸಾಹಸ ನಿರ್ದೇಶಕರಲ್ಲಿ ಬಹಳ ದೊಡ್ಡ ಹೆಸರು. 1978ರಲ್ಲಿ ಜಾಕಿ ಚಾನ್ ಅವರಿಗೆ ತಾರಾಪಟ್ಟ ತಂದುಕೊಟ್ಟ ಎರಡು ಸಿನಿಮಾಗಳನ್ನು ನಿರ್ದೇಶಿಸಿದವರು ಇವರೇ. 1999ರಲ್ಲಿ ಹಾಲಿವುಡ್ಡಿನ ‘ಮೇಟ್ರಿಕ್ಸ್’ ನೋಡಿ ಜಗತ್ತು ಬಾಯಿ ಬಿಟ್ಟುಕೊಂಡಿತಲ್ಲ, ಅದರ ಹೊಡೆದಾಟಗಳನ್ನು ಸಂಯೋಜಿಸಿದವರೂ ಇವರೇ. ಹಾರಿಸುವ ವಿಧಾನ ಹೇಳಲು ಸರಳ. ನಟನ ಬಟ್ಟೆಯೊಳಗೆ ಸೊಂಟಕ್ಕೆ ಪಟ್ಟಿ ಬಿಗಿದು, ಅದಕ್ಕೆ ತೆಳು ಉಕ್ಕಿನ ತಂತಿ ಕಟ್ಟಿ, ಕ್ರೇನಿನಿಂದ ಇಳಿಬಿಟ್ಟು, ತೆರೆಯ ಆಚೆ ನಿಂತ ಆಳುಗಳು ಲೆಕ್ಕ ಹಿಡಿದು ಎಳೆಯುತ್ತಾರೆ. ತಂತಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. ಮಾಡುವುದು ಮಾತ್ರ ಸರಳವಲ್ಲ. ತಂತಿ ಮೈಯನ್ನು ಎತ್ತುತ್ತದೆಯೇ ಹೊರತು ಅದಕ್ಕೆ ಚೆಲುವು ಕೊಡುವುದಿಲ್ಲ. ಗಾಳಿಯಲ್ಲಿ ತೂಗುತ್ತಿರುವಾಗ ಬೆನ್ನು ನೆಟ್ಟಗೆ, ಕಾಲು ನೇರ, ಮುಖ ಶಾಂತವಾಗಿ ಇರಬೇಕು. ಬ್ಯಾಲೆ ಕಲಿತಿದ್ದ ಮಿಶೆಲ್ ಯೋ, ಬೀಜಿಂಗಿನ ನೃತ್ಯಶಾಲೆಯಲ್ಲಿ ಪಳಗಿದ್ದ ಝಾಂಗ್ ಝಿಯಿ ಇಬ್ಬರೂ ಆ ಸಿನಿಮಾಕ್ಕೆ ಒದಗಿ ಬಂದದ್ದು ಅದರ ಭಾಗ್ಯ.

ಅದರಲ್ಲಿ ಒಂದು ರಾತ್ರಿಯ ಕಾಳಗವಿದೆ. ಬಾನುಲಿಯಲ್ಲಿ ಕಾಳಗ ತೋರಿಸಲಾರೆ, ಆದರೆ ಇದರ ಅರ್ಧ ಭಾಗ ಕಿವಿಗೇ ಸೇರಿದ್ದು. ನಾಲ್ಕು ನೂರು ವರ್ಷ ಹಳೆಯ ಖಡ್ಗವೊಂದನ್ನು ಮುಸುಕುಧಾರಿ ಕಳ್ಳಿ ಕದ್ದು ಮಾಡಿನ ಮೇಲೆ ಓಡುತ್ತಾಳೆ. ಅವಳು ಜೆನ್, ರಾಜ್ಯಪಾಲನ ಮಗಳು, ಮದುವೆ ಗೊತ್ತಾಗಿರುವ ಹುಡುಗಿ. ಅಟ್ಟಿಸಿಕೊಂಡು ಹೋಗುವವಳು ಶು ಲಿಯೆನ್, ಅಂದರೆ ಮಿಶೆಲ್ ಯೋ. ಸಂಗೀತ ಕೊಟ್ಟ ಟಾನ್ ಡನ್ ಇಲ್ಲಿ ರಾಗವನ್ನು ಬದಿಗಿಟ್ಟು ಬರೀ ಚರ್ಮವಾದ್ಯಗಳನ್ನು ನುಡಿಸಿದ್ದಾರೆ. ಮದ್ದಳೆ ಕೇಳಿ ಬೆಳೆದ ನನ್ನ ಕಿವಿ ಅಲ್ಲೇ ನೆಟ್ಟಗಾಯಿತು. ಆ ಕಾಳಗದಲ್ಲಿ ಏನು ನಡೆಯುತ್ತದೆ ನೋಡಿ. ಹುಡುಗಿ ಪ್ರತಿ ಸಲವೂ ಮೇಲೆ ಹಾರಲು ನೋಡುತ್ತಾಳೆ. ಶು ಲಿಯೆನ್ ಪ್ರತಿ ಸಲವೂ ಅವಳ ಪಾದ ತುಳಿದು, ತೋಳು ಎಳೆದು, ನೆಲಕ್ಕೆ ಇಳಿಸುತ್ತಾಳೆ. ಒಬ್ಬಳಿಗೆ ಕಟ್ಟು ಹರಿದುಕೊಂಡು ಹೋಗಬೇಕು, ಇನ್ನೊಬ್ಬಳು ಬದುಕಿಡೀ ನೆಲಕ್ಕೆ, ಕಟ್ಟಿಗೆ, ಕೊಟ್ಟ ಮಾತಿಗೆ ಅಂಟಿಕೊಂಡು ನಿಂತವಳು. ಎರಡು ಸ್ವಭಾವಗಳು ಒಂದೂ ಮಾತಿಲ್ಲದೆ ಎದುರುಬದುರಾದವು.

ಬಿದಿರುಮೆಳೆಯ ತುದಿಯ ಮೇಲೆ ನಡೆಯುವ ಕಾಳಗ ಇನ್ನೂ ಹೆಸರುವಾಸಿ. ಬಾಗುವ ಬಿದಿರಿನ ಮೇಲೆ ಕಥಾನಾಯಕ ಲಿ ಮು ಬಾಯ್, ಅಂದರೆ ಚೌ ಯುನ್-ಫ್ಯಾಟ್, ಅಲುಗದೆ ನಿಲ್ಲುತ್ತಾನೆ, ಹುಡುಗಿ ಕಾಲೂರಲು ಒದ್ದಾಡುತ್ತಾಳೆ. ಯಾರು ಗುರು, ಯಾರು ಇನ್ನೂ ಕಲಿಯಬೇಕಾದವಳು ಎಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ಭಾಗವನ್ನು ನಿರ್ದೇಶಿಸಿದವರು ಸ್ವತಃ ಯುವೆನ್ ವೂ-ಪಿಂಗ್. ಕುಣಿತ ಕಟ್ಟಿದವರ ಕೈಗೇ ಇಡೀ ಆಟ ಬಂತು. ಹಾಗಾದರೆ ಕಾಳಗಗಳು ಮೊದಲಿನದಕ್ಕಿಂತ ಮಿಗಿಲಾಗಿರಬೇಕಲ್ಲವೇ? ಎಣಿಕೆಯಲ್ಲಿ ಮಿಗಿಲು, ವೇಗದಲ್ಲೂ ಮಿಗಿಲು. ಶುರುವಿನಲ್ಲೇ ದಾರಿಯಲ್ಲಿ ಶು ಲಿಯೆನ್‌ಳ ಗಾಡಿಯನ್ನು ಅಡ್ಡಗಟ್ಟುತ್ತಾರೆ, ಆಮೇಲೆ ಖಡ್ಗ ಇಟ್ಟಿರುವ ಮನೆಯಲ್ಲಿ ಕಾಳಗ, ಆಮೇಲೆ ಹೋಟೆಲಿನಲ್ಲಿ, ಕೊನೆಗೆ ಗೋಪುರದಲ್ಲಿ. ಎಲ್ಲವೂ ಪಳಗಿದ ಕೈಯ ಕೆಲಸ. ಆದರೆ ಬಹುಪಾಲು ಕಾಳಗಗಳು ಯಾರು ಗೆದ್ದರು ಎಂದು ತಿಳಿಸಿ ಸುಮ್ಮನಾಗುತ್ತವೆ. ಹೊಡೆದಾಡಿದವರು ಎಂಥವರು ಎಂಬುದು ತಿಳಿಯದೆ ಹೋಗುತ್ತದೆ. ಹೆಪ್ಪುಗಟ್ಟಿದ ಸರೋವರದ ಮೇಲಿನ ರಾತ್ರಿಕಾಳಗವೊಂದನ್ನು ಈ ಮಾತಿನಿಂದ ಹೊರಗಿಡುತ್ತೇನೆ. ಅಲ್ಲಿ ಕಾಲು ಜಾರುತ್ತದೆ, ಕಾಲ ಕೆಳಗಿನ ಮಂಜುಗಡ್ಡೆ ಬಿರಿಯುತ್ತದೆ. ಹಾರುವವರಿಗೂ ಬೀಳುವ ಭಯ ಇದೆ ಎಂದು ಆ ಸಿನಿಮಾದಲ್ಲಿ ನನಗೆ ಅನ್ನಿಸಿದ್ದು ಅಲ್ಲಿ ಮಾತ್ರ. ಶಿಗೆರು ಉಮೆಬಯಾಶಿ ಅವರ ಸಂಗೀತವೂ ಇಂಪಾಗಿಯೇ ಇದೆ, ಕಾಳಗಕ್ಕೆ ಉಸಿರಾಡಲು ಬಿಡುವುದಿಲ್ಲ ಅಷ್ಟೆ.

ಇಷ್ಟಕ್ಕೇ ಸಿಟ್ಟು ಬರಬೇಕಿರಲಿಲ್ಲ. ಸಿಟ್ಟು ಬಂದದ್ದು ಕಥೆಗೆ.

ಮುಂದಿನ ಭಾಗ ಎಂಬುದೇ ದುಡ್ಡಿನ ಆಸೆಗೆ ಹುಟ್ಟುವಂಥದ್ದು ಎನ್ನುವವರು ಇದ್ದಾರೆ. ದುರ್ಗದ ಓದುಗರು ಹಾಗೆ ಹೇಳಲಾರರು. ತ.ರಾ.ಸು. ಅವರ ‘ಕಂಬನಿಯ ಕುಯಿಲು’ ಮುಗಿಸಿ ‘ರಕ್ತರಾತ್ರಿ’ ಹುಡುಕಿಕೊಂಡು ಹೋದವರು ನಾವು, ಅದು ಮುಗಿದರೆ ‘ತಿರುಗುಬಾಣ’. ದುರ್ಗದ ನಾಯಕರ ಅರಮನೆಯ ಒಳಜಗಳ ಒಂದು ಪುಸ್ತಕದಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಅವರದೇ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಎಂಬ ಒಂದೇ ಸಿನಿಮಾ ಮಾಡಿದರು. ಆ ಸಿನಿಮಾದ ಒಂದು ಹಾಡಿನಷ್ಟು ಹೊತ್ತು ಜಯಂತಿ ಒನಕೆ ಹಿಡಿದು ಓಬವ್ವನಾಗಿ ಕಿಂಡಿಯ ಬಳಿ ನಿಂತರು. ಚಿತ್ರದುರ್ಗದವರು ಹೆಣ್ಣಿನ ಪರಾಕ್ರಮದ ಮಾತೆತ್ತಿದರೆ ಓಬವ್ವ ಬರಲೇಬೇಕು, ಬಂದಾಯಿತು. ಅವಳ ಕಥೆಗೆ ಮುಂದಿನ ಭಾಗ ಬೇಕೆಂದು ಯಾರೂ ಕೇಳಲಿಲ್ಲ. ಕಿಂಡಿಯಲ್ಲಿ ಶುರುವಾದದ್ದು ಕಿಂಡಿಯಲ್ಲೇ ಮುಗಿಯಿತು.

ಚೀನೀ ಸಿನಿಮಾದ ಹಿಂದೆಯೂ ಕಾದಂಬರಿಗಳ ಸಾಲಿದೆ. ವಾಂಗ್ ಡುಲು ಎಂಬ ಲೇಖಕರು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬರೆದ ಐದು ಕಾದಂಬರಿಗಳಲ್ಲಿ ನಾಲ್ಕನೆಯದು ಮೊದಲ ಸಿನಿಮಾಕ್ಕೆ, ಐದನೆಯದು ಎರಡನೆಯದಕ್ಕೆ ಆಧಾರ. ಹಾಗಾಗಿ ಮುಂದಿನ ಭಾಗ ಬಂದದ್ದರಲ್ಲಿ ಅನ್ಯಾಯವೇನೂ ಇಲ್ಲ. ಅನ್ಯಾಯ ಬೇರೆ ಕಡೆ ಇದೆ.

ಮೊದಲ ಭಾಗದ ಮೂಲಗಂಟು ಏನೆಂದು ಹೇಳುತ್ತೇನೆ. ಶು ಲಿಯೆನ್‌ಗೆ ಮೆಂಗ್ ಎಂಬವನೊಡನೆ ಮದುವೆ ನಿಶ್ಚಯವಾಗಿತ್ತು. ಅವನು ಲಿ ಮು ಬಾಯ್‌ಗೆ ಆಣೆಯಿಟ್ಟು ಅಣ್ಣತಮ್ಮನಾದವನು. ಮದುವೆಗೆ ಮೊದಲೇ ಮೆಂಗ್ ಕಾಳಗದಲ್ಲಿ ಸತ್ತ. ಆಮೇಲೆ ಇವರಿಬ್ಬರ ನಡುವೆ ಪ್ರೀತಿ ಬೆಳೆಯಿತು, ಆದರೆ ಸತ್ತವನಿಗೆ ದ್ರೋಹವಾದೀತೆಂದು ಇಬ್ಬರೂ ಬಾಯಿ ಬಿಡಲಿಲ್ಲ. ವರ್ಷಗಳು ಕಳೆದವು. ಒಂದು ದೃಶ್ಯದಲ್ಲಿ ಇಬ್ಬರೂ ಚಹಾ ಕುಡಿಯುತ್ತಾ ಕುಳಿತಿರುತ್ತಾರೆ, ಅವನು ಅವಳ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಳ್ಳುತ್ತಾನೆ. ಇಡೀ ಸಿನಿಮಾದಲ್ಲಿ ಅವರ ಪ್ರಣಯ ಅಷ್ಟೇ. ಕೊನೆಯಲ್ಲಿ ವಿಷದ ಸೂಜಿ ತಗುಲಿ ಮು ಬಾಯ್ ಸಾಯುವಾಗ, ಉಳಿದ ಉಸಿರನ್ನು ಧ್ಯಾನಕ್ಕೆ, ಮುಕ್ತಿಗೆ ಬಳಸು ಎಂದು ಅವಳು ಬೇಡುತ್ತಾಳೆ. ಅವನು ಆ ಉಸಿರನ್ನು ನಿನ್ನನ್ನು ಪ್ರೀತಿಸುತ್ತಿದ್ದೆ ಎಂದು ಹೇಳಲು ಖರ್ಚು ಮಾಡುತ್ತಾನೆ. ಕೊಟ್ಟ ಮಾತಿಗೆ ಕಟ್ಟುಬಿದ್ದು ಬದುಕು ಸವೆಸಿದವರ ಕಥೆಗಳು ನಮಗೆ ಹೊಸತಲ್ಲವಾದ್ದರಿಂದ, ಉಡುಪು ಬೇರೆ, ಭಾಷೆ ಬೇರೆಯಾದರೂ ಆ ದೃಶ್ಯ ನೇರ ಎದೆಗೆ ತಾಗಿತು.

ಎರಡನೆಯ ಭಾಗದಲ್ಲಿ ಮೆಂಗ್ ಬದುಕಿದ್ದಾನೆ!

ಸತ್ತಿರಲೇ ಇಲ್ಲವಂತೆ. ಅವರಿಬ್ಬರ ಪ್ರೀತಿಯನ್ನು ಅರಿತು, ತಾನು ಸತ್ತೆನೆಂದು ಅವಳು ನಂಬಲಿ ಎಂದು ಬಿಟ್ಟು ದೂರ ಉಳಿದಿದ್ದನಂತೆ. ಅವಳಿಗೆ ದಾರಿ ಬಿಟ್ಟುಕೊಡಲು ಅವನು ಮರೆಯಾದ, ಅವನ ನೆನಪಿಗೆ ಅಂಜಿ ಅವರು ಆ ದಾರಿಯಲ್ಲಿ ಹೆಜ್ಜೆ ಇಡಲಿಲ್ಲ! ಕಾಗದದ ಮೇಲೆ ಬರೆದುಕೊಂಡು ನೋಡಿದರೆ ಇದು ಘೋರವಾದ ವಿಡಂಬನೆ, ದೊಡ್ಡ ನಾಟಕಕ್ಕೆ ಆಗುವಷ್ಟು ಸರಕು. ಶು ಲಿಯೆನ್ ಆ ಸುದ್ದಿ ಕೇಳಿ ಕುಸಿಯಬೇಕಿತ್ತು, ಅಥವಾ ಕತ್ತಿ ಹಿರಿದು ಅವನ ಮೇಲೆಯೇ ಬೀಳಬೇಕಿತ್ತು. ‘ನೀನು ಸತ್ತಿದ್ದೀಯ ಎಂದು ನಂಬಿ ನಾನು ಬದುಕಿದ್ದೂ ಸತ್ತೆನಲ್ಲ’ ಎಂದು ಕೇಳಬೇಕಿತ್ತು. ನಮ್ಮ ಕಂಪನಿ ನಾಟಕದವರ ಕೈಗೆ ಈ ಸನ್ನಿವೇಶ ಸಿಕ್ಕಿದ್ದರೆ ಅರ್ಧ ಗಂಟೆ ರಂಗ ಬಿಟ್ಟು ಇಳಿಯುತ್ತಿರಲಿಲ್ಲ. ಸಿನಿಮಾ ಅದನ್ನು ಕೆಲವೇ ಮಾತಿನಲ್ಲಿ ಮುಗಿಸಿ, ಮುಂದಿನ ಕಾಳಗಕ್ಕೆ ಕುದುರೆ ಏರುತ್ತದೆ. ಅಲ್ಲಿಗೆ ಮೊದಲ ಭಾಗದ ಸಂಯಮವೆಲ್ಲ ಒಂದು ತಪ್ಪು ತಿಳಿವಳಿಕೆಯಾಗಿಬಿಟ್ಟಿತು. ಚಳ್ಳಕೆರೆಯ ಕಡೆ ಚೆನ್ನಾಗಿ ನೇಯ್ದು ಮುಗಿಸಿದ ಕಂಬಳಿಯ ಅಂಚಿನ ಎಳೆಯನ್ನು ಯಾರೋ ಬಂದು ಎಳೆದ ಹಾಗಾಯಿತು ನನಗೆ.

ಇದನ್ನೆಲ್ಲ ಸಿನಿಮಾ ಮುಗಿದ ಕೂಡಲೇ ಅಕ್ಕನ ಮುಂದೆ ಒದರಿದೆ. ಅವಳು ಟಿವಿ ಆರಿಸಿ, ನೆಮ್ಮದಿಯಾಗಿ, ‘ಮೊದಲನೆಯದರಲ್ಲಿ ಆ ತಾಯಿ ಅಷ್ಟು ನುಂಗಿಕೊಂಡಿದ್ದಾಳೆ, ಇದರಲ್ಲಾದರೂ ಅವಳಿಗೊಂದು ಜೊತೆ ಸಿಗಲಿ ಬಿಡು, ನಿನ್ನ ಗಂಟೇನು ಹೋಗುತ್ತದೆ’ ಎಂದಳು. ಹೆಣ್ಣು ಸಂಕಟಪಟ್ಟರೆ ಮಾತ್ರ ನಿಮಗೆ ಕಲೆ ಕಾಣುತ್ತದೆ ಎಂದೂ ಸೇರಿಸಿದಳು. ಅಕ್ಕ ವಿಮರ್ಶೆಗಿಮರ್ಶೆ ಓದುವವಳಲ್ಲ. ಅದಕ್ಕೇ ಅವಳ ಮಾತು ನೇರ ಗುರಿಗೆ ಬೀಳುತ್ತದೆ.

ಈ ಮಾತನ್ನು ತಲೆಯಲ್ಲಿಟ್ಟುಕೊಂಡು ಇನ್ನೊಮ್ಮೆ ನೋಡಿದಾಗ ನಾನು ಕಂಡದ್ದು ಮಿಶೆಲ್ ಯೋ ಅವರ ಮುಖವನ್ನು. ಮೊದಲ ಸಿನಿಮಾದ ಮುಖ್ಯ ನಟರಲ್ಲಿ ಎರಡನೆಯದಕ್ಕೆ ಮರಳಿದವರು ಅವರೊಬ್ಬರೇ. ಆಂಗ್ ಲೀ ಇಲ್ಲ, ಚೌ ಯುನ್-ಫ್ಯಾಟ್ ಇಲ್ಲ, ಝಾಂಗ್ ಝಿಯಿ ಇಲ್ಲ. ಇಡೀ ಹಳೆಯ ಸಿನಿಮಾವನ್ನು ಅವರೊಬ್ಬರೇ ಹೊತ್ತು ತರಬೇಕಾಯಿತು. ಮಲೇಷ್ಯಾದ ಈ ನಟಿ ಮೊದಲ ಭಾಗದ ಚಿತ್ರೀಕರಣದಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮತ್ತೆ ಬಂದು ಕತ್ತಿ ಹಿಡಿದವರು. ಮಾತೃಭಾಷೆಯಲ್ಲದ ಮ್ಯಾಂಡರಿನ್ ಮಾತುಗಳನ್ನು ಉಚ್ಚಾರಣೆ ಕೇಳಿ ಕೇಳಿ ಬಾಯಿಪಾಠ ಮಾಡಿ ನುಡಿದವರು. ಎರಡನೆಯ ಭಾಗ ಬಂದಾಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ನಮ್ಮ ಸಿನಿಮಾಗಳಲ್ಲಿ ಆ ವಯಸ್ಸಿನ ನಟಿಗೆ ಆರತಿ ತಟ್ಟೆ ಕೊಡುತ್ತಾರೆ, ಇಲ್ಲವೇ ನಾಯಕನ ಔಷಧಿಗಾಗಿ ಅಳುವ ಕೆಲಸ ಕೊಡುತ್ತಾರೆ. ಇಲ್ಲಿ ಐವತ್ತು ದಾಟಿದವಳು ಕತ್ತಿ ಹಿರಿಯುತ್ತಾಳೆ, ಹರೆಯದ ಶಿಷ್ಯೆಗೆ ಪಾಠ ಹೇಳುತ್ತಾಳೆ, ಹಳೆಯ ಗಾಯವನ್ನು ಮುಚ್ಚಿಡುವುದನ್ನೂ ಬಲ್ಲಳು. ಕತ್ತಿ ಹಿಡಿದ ಕೈ ಮೊದಲಿನಷ್ಟು ವೇಗವಾಗಿಲ್ಲ, ಆದರೆ ಒಂದು ಹೆಜ್ಜೆಯೂ ಹೆಚ್ಚಿಲ್ಲ, ಒಂದು ಬೀಸೂ ದಂಡವಾಗುವುದಿಲ್ಲ. 2023ರಲ್ಲಿ ಅವರಿಗೆ ಬೇರೊಂದು ಸಿನಿಮಾಕ್ಕೆ ಅತ್ಯುತ್ತಮ ನಟಿಯ ಆಸ್ಕರ್ ಬಂತು. ಆಗ ಹಿಗ್ಗಿದವರು ಈ ಸಿನಿಮಾದಲ್ಲಿ ಅವರು ಸುಮ್ಮನೆ ಕುಳಿತಿರುವ ಕ್ಷಣಗಳನ್ನೂ ನೋಡಲಿ.

ಮೆಂಗ್ ಪಾತ್ರದ ಡಾನಿ ಯೆನ್ ಅವರನ್ನೂ ದೂರುವಂತಿಲ್ಲ. 1980ರ ದಶಕದಲ್ಲಿ ಅವರನ್ನು ನಾಯಕನಾಗಿ ತೆರೆಗೆ ತಂದವರೇ ಯುವೆನ್. ಗುರುಶಿಷ್ಯರಿಬ್ಬರಿಗೂ ಪರಸ್ಪರರ ಮೈಭಾಷೆ ಗೊತ್ತು. ಶು ಲಿಯೆನ್ ಮತ್ತು ಮೆಂಗ್ ಎದುರಾಗಿ ನಿಂತಾಗ ತೆರೆಯ ಮೇಲೆ ಇಬ್ಬರು ನಡುವಯಸ್ಸಿನವರು ಇರುತ್ತಾರೆ. ಕಳೆದುಹೋದ ವರ್ಷಗಳು ಅವರ ನಡುವೆ ಇವೆ. ಆ ಎರಡು ನಿಮಿಷ ನನ್ನ ತಕರಾರುಗಳೆಲ್ಲ ಸುಮ್ಮನಾಗುತ್ತವೆ. ಅಕ್ಕ ಹೇಳಿದ್ದರಲ್ಲಿ ಹುರುಳಿದೆ ಅನ್ನಿಸುತ್ತದೆ. ಆಮೇಲೆ ಖಳನಾಯಕ ಗರ್ಜಿಸುತ್ತಾನೆ, ನನ್ನ ತಕರಾರು ಮತ್ತೆ ಎದ್ದು ಕೂರುತ್ತದೆ.

ಸಣ್ಣ ತಕರಾರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾತ್ರಗಳೆಲ್ಲ ಇಂಗ್ಲಿಷ್ ಆಡುತ್ತವೆ, ಅದೂ ಬೇರೆ ಬೇರೆ ದೇಶಗಳ ಇಂಗ್ಲಿಷ್. ಹೋಟೆಲಿನಲ್ಲಿ ಒಂದು ಯೋಧರ ತಂಡ ಕೂಡಿಕೊಳ್ಳುತ್ತದೆ. ಒಬ್ಬೊಬ್ಬರಿಗೂ ಚಂದದ ಬಿರುದು ಇದೆ, ಆದರೆ ನಾವು ಬಿರುದು ನೆನಪಿಟ್ಟುಕೊಳ್ಳುವಷ್ಟರಲ್ಲಿ ಒಬ್ಬೊಬ್ಬರಾಗಿ ಸಾಯತೊಡಗುತ್ತಾರೆ. ಹುಟ್ಟಿದ ದಿನವೇ ಎರಡು ಮಕ್ಕಳು ಅದಲುಬದಲಾದ ಕಥೆಯೂ ಉಂಟು. ಅದನ್ನು ಕೇಳಿ ಅಕ್ಕನೇ ನಕ್ಕಳು. ಕನ್ನಡ ಸಿನಿಮಾ ನೋಡಿ ಬೆಳೆದವರಿಗೆ ಆ ತೊಟ್ಟಿಲು ಬಹಳ ಹಳೆಯ ಪರಿಚಯ.

ನೋಡದವರು ನೋಡಬೇಕೆ ಎಂದು ಕೇಳಿದರೆ, ಮೊದಲನೆಯದನ್ನು ಸಾಧ್ಯವಾದಷ್ಟು ದೊಡ್ಡ ತೆರೆಯಲ್ಲಿ ನೋಡಿ, ಎರಡನೆಯದಕ್ಕೆ ಕೂಡಲೇ ಕೈ ಹಾಕಬೇಡಿ ಎನ್ನುತ್ತೇನೆ. ನಡುವೆ ಒಂದಷ್ಟು ಕಾಲ ಬಿಡಿ. ಮು ಬಾಯ್ ಸತ್ತ ದುಃಖ ಸ್ವಲ್ಪ ಮಾಸಿದ ಮೇಲೆ ನೋಡಿದರೆ ಮೆಂಗ್ ಎದ್ದು ಬಂದದ್ದು ಅಷ್ಟಾಗಿ ಚುಚ್ಚದಿರಬಹುದು. ಸರೋವರದ ಕಾಳಗ ಬಂದಾಗ ಮೊಬೈಲ್ ಪಕ್ಕಕ್ಕಿಡಿ.

ಈ ಭಾಷಣ ಬರೆಯುವಾಗ ಅಕ್ಕನಿಗೆ ಫೋನ್ ಮಾಡಿ, ನಿನ್ನ ಮಾತನ್ನು ಬಾನುಲಿಯಲ್ಲಿ ಹೇಳುತ್ತೇನೆ ಎಂದೆ. ಹೇಳು ಎಂದವಳು ಒಂದು ಪ್ರಶ್ನೆಯನ್ನೂ ಕೇಳಿದಳು. ‘ಎದ್ದು ಬಂದವನು ಮೆಂಗ್ ಆಗಿರದೆ ಆ ಮು ಬಾಯ್ ಆಗಿದ್ದಿದ್ದರೆ ನಿನಗೆ ಇಷ್ಟು ಸಿಟ್ಟು ಬರುತ್ತಿತ್ತೇ?’

ಬರುತ್ತಿತ್ತು ಎಂದೆ. ಎರಡು ಸಲ ನೋಡಿ, ಕಣ್ಣು ಒರೆಸಿಕೊಂಡು, ಆಮೇಲೆ ಸಿಟ್ಟಾಗುತ್ತಿದ್ದೆ.

ನಮಸ್ಕಾರ.